ಸಮಾಧಿಕಲ್ಲಿನ ಫೋಟೋ ತೆಗೆಯಬಹುದೇ, ತೆಗೆದದ್ದನ್ನು ಹಂಚಿಕೊಳ್ಳಬಹುದೇ?

ಪ್ರಶ್ನೆ: ಹಳೆಯ ಸಮಾಧಿಗಳ ಮೇಲಿನ ಬರಹಗಳನ್ನು ಓದುವುದು ನನ್ನ ಹವ್ಯಾಸ. ಹೋದ ಊರುಗಳಲ್ಲೆಲ್ಲ ಸ್ಮಶಾನಗಳಿಗೆ ಹೋಗಿ ಫೋಟೋ ತೆಗೆದು ಫೇಸ್‌ಬುಕ್‌ನಲ್ಲಿ ಹಾಕುತ್ತೇನೆ. ಈಚೆಗೆ ಒಬ್ಬರು, “ಅದು ನಮ್ಮ ಅತ್ತಿಗೆಯವರ ಸಮಾಧಿ, ದಯವಿಟ್ಟು ತೆಗೆದುಬಿಡಿ” ಎಂದು ಬರೆದಿದ್ದಾರೆ. ಎಲ್ಲರೂ ಓಡಾಡುವ ಜಾಗದಲ್ಲಿರುವ ಕಲ್ಲಿನ ಫೋಟೋ ತೆಗೆದದ್ದು ತಪ್ಪೇ?

ಉತ್ತರ: ಮೊದಲು ಆ ಫೋಟೋವನ್ನು ತೆಗೆದುಬಿಡಿ. ಕೇಳಿದವರು ನಿಜವಾಗಿಯೂ ಸಂಬಂಧಿಕರೇ ಎಂದು ವಿಚಾರಿಸಲು ಹೋಗಬೇಡಿ. ಒಂದು ಫೋಟೋ ಇಲ್ಲವಾದರೆ ನಿಮಗೆ ಆಗುವ ನಷ್ಟ ಅಷ್ಟಕ್ಕಷ್ಟೇ. ಸತ್ತವರ ಹೆಸರನ್ನು ಅಪರಿಚಿತರ ಪುಟದಲ್ಲಿ, ಲೈಕುಗಳ ನಡುವೆ, ಏಕಾಏಕಿ ಕಂಡವರಿಗೆ ಆಗುವ ಸಂಕಟ ಅಂಥದ್ದಲ್ಲ.

ಇನ್ನು ತಪ್ಪೇ ಎಂಬ ಮಾತಿಗೆ ಬರೋಣ. ಫೋಟೋ ತೆಗೆದದ್ದು ತಪ್ಪಲ್ಲ. ಆದರೆ ಫೋಟೋ ತೆಗೆಯುವುದು ಒಂದು ಕೆಲಸ, ಅದನ್ನು ನಾಲ್ಕು ಜನರ ಮುಂದಿಡುವುದು ಬೇರೆಯೇ ಕೆಲಸ. ಮೊದಲನೆಯದಕ್ಕೆ ಒಪ್ಪಿಗೆಯಿದ್ದರೆ ಎರಡನೆಯದಕ್ಕೂ ಇದೆ ಎಂದುಕೊಳ್ಳುವುದರಿಂದಲೇ ಇಂಥ ಮನಸ್ತಾಪಗಳೆಲ್ಲ ಹುಟ್ಟುತ್ತವೆ. ಜಾಗ ಸಾರ್ವಜನಿಕವೋ ಖಾಸಗಿಯೋ ಎಂಬುದಕ್ಕಿಂತ, ಆ ಸಮಾಧಿಗೆ ಹೂವು ತರುವವರು ಇನ್ನೂ ಇದ್ದಾರೆಯೇ ಎಂಬುದನ್ನು ನೋಡಿಕೊಂಡು ನಿರ್ಧರಿಸುವುದು ಮೇಲು ಎಂಬುದು ನನ್ನ ಅಭಿಪ್ರಾಯ.

ಶ್ರೀರಂಗಪಟ್ಟಣದ ಗ್ಯಾರಿಸನ್ ಸ್ಮಶಾನವನ್ನೇ ನೋಡಿ. 1799ರಲ್ಲಿ ಟಿಪ್ಪುವಿನ ಕೋಟೆ ಬಿದ್ದ ಮೇಲೆ ಅಲ್ಲಿ ಉಳಿದ ಪಡೆಗಳಲ್ಲಿ ಡಿ ಮ್ಯೂರಾನ್ ಎಂಬ ಸ್ವಿಸ್ ರೆಜಿಮೆಂಟೂ ಒಂದು. 1781ರಲ್ಲಿ ಡಚ್ ಕಂಪನಿಗಾಗಿ ಕಟ್ಟಿದ ಈ ಪಡೆ ಆಮೇಲೆ ಬ್ರಿಟಿಷರ ಸಂಬಳಕ್ಕೆ ಸೇರಿತ್ತು. ಯುದ್ಧದಲ್ಲಿ ಉಳಿದವರನ್ನೂ ಆ ದ್ವೀಪದ ಜ್ವರ ಬಿಡಲಿಲ್ಲ. ಕಾವೇರಿಯ ಪಕ್ಕದ ಈ ಸ್ಮಶಾನದಲ್ಲಿ ಅಧಿಕಾರಿಗಳ ಜೊತೆಗೆ ಅವರ ಹೆಂಡಂದಿರೂ ಮಕ್ಕಳೂ ಮಲಗಿದ್ದಾರೆ. ಗಿಡಗಂಟಿ ಬೆಳೆದು ಹಾಳಾಗಿದ್ದ ಈ ಜಾಗವನ್ನು ಆ ಪಡೆಯನ್ನು ಕಟ್ಟಿದ ಡಿ ಮ್ಯೂರಾನ್ ವಂಶದವರೇ ಮುಂದೆ ಬಂದು ಸರಿಪಡಿಸಿದರು. ಇಂಥ ಸಮಾಧಿಗಳ ಫೋಟೋ ತೆಗೆದು, ಬರಹವನ್ನು ಅಕ್ಷರ ಬಿಡದೆ ಪ್ರತಿ ಮಾಡಿ ಹಂಚಿಕೊಂಡರೆ ಅದು ಉಪಕಾರವೇ. ಮಳೆಗಾಲ ಕಳೆದಂತೆಲ್ಲ ಗಾರೆ ಉದುರುತ್ತದೆ, ಅಕ್ಷರ ಸವೆಯುತ್ತದೆ. ಈ ವರ್ಷ ಓದಲು ಬಂದದ್ದು ಮುಂದೊಂದು ದಿನ ಓದಲು ಬರುವುದಿಲ್ಲ. ಮದ್ರಾಸ್ ಪ್ರೆಸಿಡೆನ್ಸಿಯ ಸಮಾಧಿಬರಹಗಳ ಪಟ್ಟಿಯೊಂದು 1905ರಷ್ಟು ಹಿಂದೆಯೇ ಅಚ್ಚಾಗಿತ್ತು. 1976ರಲ್ಲಿ ಲಂಡನ್ನಿನಲ್ಲಿ ಆರಂಭವಾದ ಬಿಎಸಿಎಸ್‌ಎ ಎಂಬ ಸಂಘ ದಕ್ಷಿಣ ಏಷ್ಯಾದ ಯುರೋಪಿಯನ್ ಸ್ಮಶಾನಗಳನ್ನು ದಾಖಲಿಸುವುದನ್ನೇ ತನ್ನ ಕೆಲಸ ಮಾಡಿಕೊಂಡಿದೆ.

ವೀರಗಲ್ಲು, ಮಾಸ್ತಿಗಲ್ಲು, ಜೈನರ ಸ್ಮಾರಕಕಲ್ಲುಗಳಾದ ನಿಸಿಧಿಗಳ ವಿಚಾರದಲ್ಲಂತೂ ಫೋಟೋ ತೆಗೆಯದಿದ್ದರೇ ನಷ್ಟ. ಹೆಬ್ಬಾಳದಲ್ಲಿ ಚರಂಡಿಗೆಂದು ಅಗೆಯುವಾಗ 2018ರಲ್ಲಿ ಸಿಕ್ಕ, ಕಿತ್ತಯ್ಯ ಎಂಬವನ ವೀರಗಲ್ಲು ಸುಮಾರು 750ನೆಯ ಇಸವಿಯದು. ಅದನ್ನು ನಿಲ್ಲಿಸಿದ್ದೇ ದಾರಿಹೋಕರ ಕಣ್ಣಿಗೆ ಬೀಳಲಿ ಎಂದು.

ಅದೇ ನಿಯಮವನ್ನು ನಿನ್ನೆ ಮೊನ್ನೆಯ ಸಮಾಧಿಗೆ ಹಚ್ಚಲು ಬರುವುದಿಲ್ಲ. ಇದು ನನಗೆ ಅರ್ಥವಾದದ್ದು ನನ್ನದೇ ಒಂದು ಫೋಟೋದಿಂದ. ಕೆಲವು ವರ್ಷಗಳ ಹಿಂದೆ, ಕ್ಯಾಥೊಲಿಕ್ ಕ್ರೈಸ್ತರು ತಮ್ಮ ಮೃತರನ್ನು ನೆನೆಯುವ ನವೆಂಬರ್ 2ರ ಸಂಜೆ, ಒಂದು ಸ್ಮಶಾನದಲ್ಲಿ ಸಾಲುಸಾಲಾಗಿ ಉರಿಯುತ್ತಿದ್ದ ಮೇಣದ ಬತ್ತಿಗಳ ಫೋಟೋ ತೆಗೆದಿದ್ದೆ. ಯಾರ ಮುಖವೂ ಬರದಂತೆ ಎಚ್ಚರ ವಹಿಸಿದ್ದೇನೆ ಎಂದೇ ನಂಬಿದ್ದೆ. ಮನೆಗೆ ಬಂದು ದೊಡ್ಡದು ಮಾಡಿ ನೋಡಿದರೆ, ಪಾಲಿಶ್ ಮಾಡಿದ ಕಪ್ಪು ಗ್ರಾನೈಟಿನಲ್ಲಿ ನನ್ನ ಹಿಂದೆ ನಿಂತಿದ್ದ ಹೆಂಗಸೊಬ್ಬರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿರುವುದು ಕನ್ನಡಿಯಲ್ಲಿ ಕಂಡಷ್ಟು ಸ್ಪಷ್ಟವಾಗಿ ಕಾಣುತ್ತಿತ್ತು. ಆ ಫೋಟೋವನ್ನು ನಾನು ಎಲ್ಲಿಯೂ ಹಾಕಲಿಲ್ಲ. ಈಗಿನ ಸಮಾಧಿಗಳಲ್ಲಿ ಹೆಚ್ಚಿನವು ಇದೇ ಕಲ್ಲಿನವು. ತೆಗೆದವನ ಮುಖವೂ ಅದರಲ್ಲಿ ಬಂದಿರುತ್ತದೆ, ಪಕ್ಕದ ಗುಂಡಿಯ ಬಳಿ ಸೇರಿದವರ ಮುಖವೂ ಬಂದಿರುತ್ತದೆ.

ಆದ್ದರಿಂದ ಹೂವು ಬಾಡದಿರುವ, ಮಣ್ಣು ಇನ್ನೂ ಕೂರದಿರುವ ಸಮಾಧಿಯ ಹತ್ತಿರ ಕ್ಯಾಮೆರಾ ಹೊರತೆಗೆಯದಿರುವುದೇ ಒಳ್ಳೆಯದು. ಅಂತ್ಯಕ್ರಿಯೆ ನಡೆಯುತ್ತಿದ್ದರೆ ಫೋನನ್ನು ಜೇಬಿಗೆ ಹಾಕಿಕೊಂಡು ದೂರ ಸರಿಯಿರಿ. ದೂರದಿಂದ ಜೂಮ್ ಮಾಡುವುದು ಹತ್ತಿರ ನಿಂತು ತೆಗೆಯುವುದಕ್ಕಿಂತ ಸಭ್ಯವೇನೂ ಅಲ್ಲ. ಕಾವಲುಗಾರರೋ ಚರ್ಚಿನವರೋ ಮಸೀದಿಯ ಕಮಿಟಿಯವರೋ ಇದ್ದರೆ ಅವರನ್ನು ಒಂದು ಮಾತು ಕೇಳಿ. ನಮ್ಮ ಹಳ್ಳಿಗಳಲ್ಲಿ ಅನೇಕ ಕುಟುಂಬಗಳು ತಮ್ಮ ಹಿರಿಯರನ್ನು ತಮ್ಮದೇ ಹೊಲದಲ್ಲಿ ಮಣ್ಣು ಮಾಡುತ್ತವೆ. ಬದುವಿನ ಮೇಲಿನ ಆ ಸಮಾಧಿಯ ಫೋಟೋ ಬೇಕೆಂದರೆ ಹೊಲದ ಯಜಮಾನರನ್ನು ಕೇಳಲೇಬೇಕು. ಮಠದ ಗದ್ದುಗೆಯಂತೂ ಪೂಜೆಯ ಸ್ಥಳ, ಅಲ್ಲಿ ಮಠದವರು ಹೇಳಿದ್ದೇ ನಿಯಮ. ಬೇರೆ ದೇಶಗಳಲ್ಲಿಯೂ ಇಂಥ ಕಟ್ಟಳೆಗಳಿವೆ: ನ್ಯೂಜಿಲೆಂಡಿನ ಮಾವೊರಿ ಜನರು ಉರುಪಾ ಎಂದು ಕರೆಯುವ ತಮ್ಮ ಸ್ಮಶಾನವನ್ನು ಪವಿತ್ರವೆಂದು ಭಾವಿಸುತ್ತಾರೆ, ಒಳಗೆ ತಿನ್ನುವುದಿಲ್ಲ, ಹೊರಬರುವಾಗ ನೀರಿನಿಂದ ಕೈ ತೊಳೆಯುತ್ತಾರೆ. ಸ್ಮಶಾನದಿಂದ ಬಂದವರು ಸ್ನಾನ ಮಾಡಿಯೇ ಮನೆಯೊಳಗೆ ಕಾಲಿಡುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಾನೂನಿನ ಬಗ್ಗೆ ಸ್ವಲ್ಪದರಲ್ಲಿ ಹೇಳುತ್ತೇನೆ. ಸಮಾಧಿಯ ಫೋಟೋ ತೆಗೆಯುವುದೇ ಅಪರಾಧವೆಂದು ಭಾರತದ ಯಾವ ಕಾನೂನೂ ಹೇಳುವುದಿಲ್ಲ. ಆದರೆ ಯಾರದಾದರೂ ಭಾವನೆಗೆ ನೋವುಂಟುಮಾಡುವ ಉದ್ದೇಶದಿಂದ, ಅಥವಾ ನೋವಾಗಬಹುದೆಂದು ತಿಳಿದೂ, ಸಮಾಧಿಸ್ಥಳಕ್ಕೆ ಅತಿಕ್ರಮ ಪ್ರವೇಶ ಮಾಡಿದರೆ ಅಥವಾ ಅಂತ್ಯಕ್ರಿಯೆಗೆ ಸೇರಿದವರಿಗೆ ತೊಂದರೆ ಕೊಟ್ಟರೆ ಭಾರತೀಯ ನ್ಯಾಯ ಸಂಹಿತೆಯ 301ನೆಯ ಸೆಕ್ಷನ್ ಪ್ರಕಾರ ಒಂದು ವರ್ಷದವರೆಗೆ ಶಿಕ್ಷೆಯಾಗಬಹುದು. ಹಳೆಯ ದಂಡ ಸಂಹಿತೆಯಲ್ಲಿ ಇದು 297ನೆಯ ಸೆಕ್ಷನ್ ಆಗಿತ್ತು. ಕಾನೂನು ತಡೆಯುವುದಿಲ್ಲ ಎಂಬ ಮಾತನ್ನು ದುಃಖದಲ್ಲಿರುವವರ ಮುಂದೆ ಉತ್ತರವಾಗಿ ಆಡದಿರುವುದು ಲೇಸು.

ಹಂಚಿಕೊಳ್ಳುವಾಗ ನೋಡಬೇಕಾದದ್ದು ಇನ್ನೂ ಇದೆ. ಸಮಾಧಿಕಲ್ಲಿನಲ್ಲಿ ಸತ್ತವರ ಹೆಸರಷ್ಟೇ ಇರುವುದಿಲ್ಲ. “ದುಃಖತಪ್ತ ಪತ್ನಿ, ಮಕ್ಕಳು” ಎಂದು ಬದುಕಿರುವವರ ಹೆಸರುಗಳಿರುತ್ತವೆ. ಜೋಡಿ ಸಮಾಧಿಯಾದರೆ ಒಬ್ಬರ ಹೆಸರು, ಹುಟ್ಟಿದ ದಿನ ಎಲ್ಲ ಕೆತ್ತಿ, ಸಾವಿನ ದಿನಾಂಕದ ಜಾಗವನ್ನು ಖಾಲಿ ಬಿಟ್ಟಿರುತ್ತಾರೆ. ಆ ಖಾಲಿ ಜಾಗದ ಒಡೆಯರು ನಿಮ್ಮ ಪೋಸ್ಟನ್ನು ನೋಡುವ ಸಾಧ್ಯತೆ ಇದ್ದೇ ಇದೆ. ಇಂಥ ಕಲ್ಲುಗಳ ಫೋಟೋ ಹಾಕಲೇಬೇಡಿ, ಹಾಕಲೇಬೇಕಾದರೆ ಬದುಕಿರುವವರ ವಿವರವನ್ನು ಮರೆಮಾಡಿ. ಮಕ್ಕಳ ಹೊಸ ಸಮಾಧಿಗಳನ್ನು ನಾನಂತೂ ಹಾಕುವುದಿಲ್ಲ. ಸಮಾಧಿಗೆ ಒರಗಿ ಸೆಲ್ಫಿ, ಅದಕ್ಕೊಂದು ನಗುಮುಖ, ಭೂತದ ಸಿನಿಮಾದ ಸಂಗೀತ ಹಚ್ಚಿದ ರೀಲ್ಸ್ ಇವುಗಳ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ.

ಜಾಗದ ಗುರುತನ್ನು ಹಂಚುವುದರಿಂದಲೂ ಕೆಡುಕಾಗುವುದುಂಟು. ಪ್ಯಾರಿಸಿನ ಪೆರ್ ಲಾಶೇಸ್ ಸ್ಮಶಾನದಲ್ಲಿರುವ ಲೇಖಕ ಆಸ್ಕರ್ ವೈಲ್ಡ್‌ನ ಸಮಾಧಿಗೆ ಲಿಪ್‌ಸ್ಟಿಕ್ ಹಚ್ಚಿದ ತುಟಿಯಿಂದ ಮುತ್ತಿಡುವುದು ಅಭಿಮಾನಿಗಳ ಪದ್ಧತಿಯೇ ಆಗಿಹೋಯಿತು. ಅದರ ಜಿಡ್ಡು ಕಲ್ಲಿನೊಳಗೆ ಇಳಿಯಿತು, ತೊಳೆದಷ್ಟೂ ಕಲ್ಲು ಸವೆಯಿತು. ಕೊನೆಗೆ 2011ರಲ್ಲಿ ಸುತ್ತ ಗಾಜಿನ ಗೋಡೆ ನಿಲ್ಲಿಸಬೇಕಾಯಿತು. ಕಾವಲಿಲ್ಲದ ಹಳ್ಳಿಯ ಗೋರಿಗೆ ಗಾಜು ಹಾಕಿಸುವವರು ಯಾರೂ ಇಲ್ಲ, ನಿಧಿ ಇದೆ ಎಂದು ಅಗೆಯುವವರು ಮಾತ್ರ ಇದ್ದಾರೆ. ಊರಿನ ಹೆಸರು ಹೇಳಿದರೆ ಸಾಕಾಗುವ ಕಡೆ ನಕಾಶೆಯ ಚುಕ್ಕೆಯನ್ನು ಕೊಡಬೇಡಿ; ಫೋಟೋ ಕಡತದೊಳಗೆ ಫೋನು ತಾನಾಗಿ ಸೇರಿಸುವ ಸ್ಥಳದ ಮಾಹಿತಿಯನ್ನೂ ತೆಗೆದುಹಾಕಿ.

ಕಲ್ಲನ್ನು ಓದುವ ಬಗೆಯ ಬಗ್ಗೆಯೂ ಹೇಳಬೇಕು, ಏಕೆಂದರೆ ಒಳ್ಳೆಯ ಫೋಟೋದ ಆಸೆಗೆ ಕಲ್ಲನ್ನೇ ಕೆಡಿಸಿದವರನ್ನು ನಾನು ಕಂಡಿದ್ದೇನೆ. ಅಕ್ಷರ ಎದ್ದು ಕಾಣಲೆಂದು ಸೀಮೆಸುಣ್ಣ ಉಜ್ಜುವುದು, ಮೈದಾಹಿಟ್ಟು ಬಳಿಯುವುದು, ಶೇವಿಂಗ್ ಕ್ರೀಮ್ ಹಚ್ಚಿ ಒರೆಸುವುದು ರೂಢಿಯಲ್ಲಿವೆ. ಸೀಮೆಸುಣ್ಣ ಮೆತ್ತಗಿನ ಕಲ್ಲನ್ನು ಗೀರುತ್ತದೆ, ಕಲ್ಲಿನ ಸಣ್ಣ ರಂಧ್ರಗಳಲ್ಲಿ ಉಳಿದ ಹಿಟ್ಟು ಬೂಷ್ಟು ಹಿಡಿಯುತ್ತದೆ, ಕ್ರೀಮಿನಲ್ಲಿರುವ ಆಮ್ಲ ಅಮೃತಶಿಲೆ, ಸುಣ್ಣಕಲ್ಲುಗಳಿಗೆ ಒಳ್ಳೆಯದಲ್ಲ. ವೈರ್ ಬ್ರಷ್ಷನ್ನಂತೂ ಮುಟ್ಟಲೇಬಾರದು. ಇದಕ್ಕೆ ಬೇಕಾದದ್ದು ಬೆಳಕು ಮಾತ್ರ. ಮಧ್ಯಾಹ್ನ ಸಪಾಟಾಗಿ ಕಾಣುವ ಕಲ್ಲು ಇಳಿಹೊತ್ತಿನಲ್ಲಿ ಬಿಸಿಲು ಓರೆಯಾಗಿ ಬಿದ್ದಾಗ ತಾನಾಗಿ ಮಾತಾಡುತ್ತದೆ. ನೆರಳಿನಲ್ಲಿರುವ ಕಲ್ಲಾದರೆ, ಜೊತೆಗಿದ್ದವರ ಕೈಗೆ ಒಂದು ಕನ್ನಡಿ ಕೊಟ್ಟು ಬಿಸಿಲನ್ನು ಪಕ್ಕದಿಂದ ಬೀಳಿಸಿ. ಕನ್ನಡಿಯನ್ನು ಮೆಲ್ಲಗೆ ಓರೆ ಮಾಡುತ್ತ ಹೋದಂತೆ ಇಲ್ಲವೇ ಇಲ್ಲ ಎಂದುಕೊಂಡಿದ್ದ ಇಸವಿಯ ಅಂಕಿಗಳು ಒಂದೊಂದಾಗಿ ಏಳುತ್ತವೆ. ಹೂವು, ದೀಪ, ಊದುಬತ್ತಿಯ ಬೂದಿ, ಯಾರೋ ಇಟ್ಟ ಆಟಿಕೆ, ಇವು ಚೌಕಟ್ಟಿಗೆ ಅಡ್ಡವಾದರೂ ಅಲ್ಲಿಯೇ ಇರಲಿ.

ಮರಳಿ ನಿಮಗೆ ಬಂದ ಪತ್ರಕ್ಕೆ ಬರುತ್ತೇನೆ. 1995ರಲ್ಲಿ ಅಮೆರಿಕದಲ್ಲಿ ಆರಂಭವಾದ ಫೈಂಡ್ ಎ ಗ್ರೇವ್ ಎಂಬ ತಾಣಕ್ಕೆ ಸ್ವಯಂಸೇವಕರು ಊರೂರಿನ ಸಮಾಧಿಗಳ ಫೋಟೋ ತೆಗೆದು ಸೇರಿಸುತ್ತಾರೆ. ದೂರದಲ್ಲಿರುವವರು ತಮ್ಮವರ ಸಮಾಧಿಯ ಫೋಟೋ ಬೇಕೆಂದು ಅಲ್ಲಿ ಕೋರಿಕೆ ಸಲ್ಲಿಸಿದರೆ ಆ ಊರಿನ ಯಾರಾದರೂ ಹೋಗಿ ತೆಗೆದುಕೊಡುತ್ತಾರೆ. ಹತ್ತಿರದ ಸಂಬಂಧಿಕರು ಕೇಳಿದರೆ ಮೃತರ ಪುಟದ ಉಸ್ತುವಾರಿಯನ್ನು ಅವರಿಗೇ ಬಿಟ್ಟುಕೊಡುವ ಏರ್ಪಾಡೂ ಅಲ್ಲಿದೆ. ನೀವೂ ಹಾಗೆಯೇ ಮಾಡಬಹುದು. ಫೋಟೋ ತೆಗೆದುಹಾಕಿರುವುದಾಗಿ ತಿಳಿಸಿ, ಕ್ಷಮೆ ಕೇಳಿ, ಸಮಜಾಯಿಷಿ ಕೊಡಲು ಹೋಗಬೇಡಿ. ಮೂಲ ಫೋಟೋ ಅವರಿಗೆ ಬೇಕಿದ್ದರೆ ಕಳುಹಿಸುತ್ತೇನೆ ಎಂಬ ಒಂದು ಸಾಲನ್ನೂ ಸೇರಿಸಿ. ಬೇಡವೆಂದರೆ ನಿಮ್ಮ ಫೋನಿನಿಂದಲೂ ಅಳಿಸಿ. ಬೇಕೆಂದರೂ ಬೇಕೆನ್ನಬಹುದು: ಮಣ್ಣು ಮಾಡಿದ ದಿನ ಯಾರೂ ಫೋಟೋ ತೆಗೆದಿರುವುದಿಲ್ಲ, ಕಲ್ಲು ನಿಲ್ಲಿಸಿದ ಮೇಲೆ ಊರಿಗೆ ಬರಲು ಕೆಲವರಿಗೆ ಸಾಧ್ಯವಾಗಿಯೇ ಇರುವುದಿಲ್ಲ.