ವಜೀರನೇ ಯಾಕೆ ಸುಲ್ತಾನ ಆಗಲಿಲ್ಲ?

ಆಟೋಮನ್ ತುರ್ಕಿ ಸಾಮ್ರಾಜ್ಯದ ಪಾಠ ಶುರುಮಾಡಿದ ವಾರದೊಳಗೆ ನಮ್ಮ ಬಿ.ಎ. ಮಕ್ಕಳಲ್ಲಿ ಯಾರಾದರೊಬ್ಬರು ಕೇಳೇ ಕೇಳುತ್ತಾರೆ: "ಸರ್, ಸೈನ್ಯ, ಖಜಾನೆ, ನೇಮಕ ಎಲ್ಲ ಮಹಾವಜೀರನ, ಅಂದರೆ ಪ್ರಧಾನಮಂತ್ರಿಯ ಕೈಲೇ ಇತ್ತು ಅಲ್ವಾ? ಮತ್ತೆ ಅವನೇ ಯಾಕೆ ಸುಲ್ತಾನ ಆಗಲಿಲ್ಲ?"

ಈ ಪ್ರಶ್ನೆ ನನಗೆ ತುಂಬಾ ಇಷ್ಟ. ಉತ್ತರಕ್ಕೆ ಸೊಕೊಲ್ಲು ಮೆಹ್ಮೆದ್ ಪಾಷಾ ಎಂಬ ಮಹಾವಜೀರನ ಕಥೆ ಹೇಳುತ್ತೇನೆ.

ಅವನು ಹುಟ್ಟಿದ್ದು ಬೋಸ್ನಿಯಾದ ಒಂದು ಕ್ರೈಸ್ತ ಮನೆಯಲ್ಲಿ. ಅಂಥ ಹಳ್ಳಿಗಳಿಂದ ಗಂಡುಮಕ್ಕಳನ್ನು ಕಂದಾಯ ಎತ್ತಿದ ಹಾಗೆ ಎತ್ತಿಕೊಂಡು ಹೋಗುತ್ತಿದ್ದರು. ಅದಕ್ಕೆ ದೆವ್‌ಶಿರ್ಮೆ ಅಂತ ಹೆಸರು. ಆ ತಾಯಂದಿರನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಹುಡುಗರ ಧರ್ಮ ಬದಲಾಗುತ್ತಿತ್ತು, ಹೆಸರೂ ಬದಲಾಗುತ್ತಿತ್ತು. ಚುರುಕಾದವರು ಅರಮನೆಯಲ್ಲೇ ಓದಿ ಮೇಲೆ ಬರುತ್ತಿದ್ದರು. ಎಷ್ಟೇ ಮೇಲೆ ಬಂದರೂ ಅವರು ಸುಲ್ತಾನನ 'ಕುಲ್', ಅಂದರೆ ಗುಲಾಮರೇ.

ಮಹಾವಜೀರನಿಗೆ ಸಿಗುತ್ತಿದ್ದುದು ಒಂದು ಪುಟ್ಟ ಚಿನ್ನದ ಮುದ್ರೆ. ಸದಾ ಮೈಮೇಲೇ ಇರಬೇಕು. ಸುಲ್ತಾನ ಅದನ್ನು ವಾಪಸ್ ಕೇಳಿದರೆ ಪದವಿ ಹೋಯಿತು, ಕೆಲವೊಮ್ಮೆ ತಲೆಯೂ ಹೋಯಿತು. ಸುಲ್ತಾನ ಸುಲೇಮಾನನ ಜೀವದ ಗೆಳೆಯ ಇಬ್ರಾಹಿಂ ಪಾಷಾ ಸುಮಾರು 13 ವರ್ಷ ಮಹಾವಜೀರನಾಗಿದ್ದ. 1536ರಲ್ಲಿ ಅರಮನೆಯೊಳಗೇ ಅವನ ಕತ್ತು ಹಿಸುಕಿಸಿದರು.

ಈಗ 1566ಕ್ಕೆ ಬನ್ನಿ. ಹಂಗೇರಿಯ ಸಿಗೆತ್ವಾರ್ ಕೋಟೆಗೆ ಮುತ್ತಿಗೆ ನಡೆದಿದೆ. ಕೋಟೆ ಇನ್ನೇನು ಬೀಳಬೇಕು, ಅಷ್ಟರಲ್ಲಿ ಮುದುಕ ಸುಲೇಮಾನ್ ಡೇರೆಯೊಳಗೆ ತೀರಿಕೊಂಡ. ಸುದ್ದಿ ಹೊರಬಿದ್ದರೆ ಸೈನ್ಯ ದಂಗೆ ಏಳಬಹುದು. ಆಗ ಮಹಾವಜೀರನಾಗಿದ್ದ ಸೊಕೊಲ್ಲು ಸಾವನ್ನು ಮುಚ್ಚಿಟ್ಟ. ಅಪ್ಪಣೆಗಳು ಸುಲ್ತಾನನ ಹೆಸರಿನಲ್ಲೇ ಹೊರಡುತ್ತಿದ್ದವು. ಸುಮಾರು 48 ದಿನ ಹೀಗೇ ನಡೆಯಿತು!

ಮುದ್ರೆ ಅವನ ಹತ್ತಿರ, ಸೈನ್ಯ ಅವನ ಮಾತಿನಲ್ಲಿ, ಸಿಂಹಾಸನ ಖಾಲಿ. ಅವನು ಮಾಡಿದ್ದೇನು? ದೂರದ ಕುತಾಹ್ಯ ಊರಿನಲ್ಲಿದ್ದ ಸುಲೇಮಾನನ ಮಗ, ರಾಜಕುಮಾರ ಸೆಲೀಮನಿಗೆ ಗುಟ್ಟಾಗಿ ದೂತನನ್ನು ಓಡಿಸಿದ. ಸೆಲೀಮ್ ಬೆಲ್‌ಗ್ರೇಡ್‌ಗೆ ಬರುವ ತನಕ ಬಾಯಿ ಬಿಡಲಿಲ್ಲ. ಈ ರಾಜಮನೆತನದ ಮೂಲಪುರುಷ ಉಸ್ಮಾನನ ವಂಶದವರಲ್ಲದೆ ಬೇರೆಯವರು ಗದ್ದುಗೆಗೆ ಏರಬಹುದು ಅನ್ನುವುದು ಆ ಜನರ ಎಣಿಕೆಗೇ ಬರುತ್ತಿರಲಿಲ್ಲ. ಮುದ್ರೆಯಲ್ಲಿ ಕೆತ್ತಿದ್ದೂ ಸುಲ್ತಾನನ ಹೆಸರೇ, ವಜೀರನದಲ್ಲ. ಸುಲ್ತಾನನಿಲ್ಲದೆ ಅದು ಬರೀ ಚಿನ್ನದ ಚೂರು.

ಮೂರು ಸುಲ್ತಾನರ ಕೈಕೆಳಗೆ 14 ವರ್ಷ ಮಹಾವಜೀರನಾಗಿದ್ದ ಸೊಕೊಲ್ಲುವನ್ನು 1579ರಲ್ಲಿ ದರ್ವೇಶಿ (ಸೂಫಿ ಫಕೀರ) ವೇಷದಲ್ಲಿ ಬಂದವನೊಬ್ಬ ಇರಿದು ಕೊಂದ. ಅದಕ್ಕೆ ಎರಡು ವರ್ಷ ಮೊದಲು, ಹುಟ್ಟೂರಿನ ಹತ್ತಿರದ ವಿಶೆಗ್ರಾದ್‌ನಲ್ಲಿ ದ್ರಿನಾ ನದಿಗೆ ಅವನು ಕಟ್ಟಿಸಿದ ಸೇತುವೆ ಮುಗಿದಿತ್ತು. ಸಿನಾನ್ ಎಂಬ ಹೆಸರಾಂತ ಶಿಲ್ಪಿಯ ಕೆಲಸ, 11 ಕಮಾನು. ಇವತ್ತಿಗೂ ನಿಂತಿದೆ. ಅಲ್ಲಿನ ಕಲ್ಲಿನಲ್ಲಿ ಕೆತ್ತಿರುವುದು ಅವನದೇ ಹೆಸರು.