ಪದ ಪರಿಚಯ: ಕಿಣ್ವ ಚಟುವಟಿಕೆಯ ಸ್ಥಾನ ನಿರ್ಣಯ

ಬೇರಿನ ತುದಿಯ ಚಿತ್ರ, ಅದರ ತುಂಬ ಕಡುನೀಲಿ ಮಚ್ಚೆಗಳು, ಕೆಳಗೆ ‘ನೀಲಿ ಭಾಗವೇ ಕಿಣ್ವ’ ಎಂಬ ಒಕ್ಕಣೆ. ಇಂಥದ್ದು ಮತ್ತೊಂದು ಕಣ್ಣಿಗೆ ಬಿದ್ದ ಮೇಲೆ ಇದನ್ನು ಬರೆಯದೆ ವಿಧಿಯಿಲ್ಲ. ಕಿಣ್ವ ಎಂದರೇನು ಎಂಬ ಪಾಠ ಹೈಸ್ಕೂಲಿನಲ್ಲೇ ಆಗಿರುವುದರಿಂದ ಅದನ್ನು ಬಿಡುತ್ತೇನೆ. ಕಿಣ್ವ ಜೀವಕೋಶದ ಯಾವ ಜಾಗದಲ್ಲಿ ಕೆಲಸ ಮಾಡುತ್ತಿದೆ ಎಂದು ಕಂಡುಹಿಡಿಯುವುದೇ ಅದರ ಚಟುವಟಿಕೆಯ ಸ್ಥಾನ ನಿರ್ಣಯ. ನನ್ನ ತಕರಾರು ಇದರಲ್ಲಿನ ‘ಚಟುವಟಿಕೆ’ ಎಂಬ ಮಾತನ್ನು ನುಂಗಿಹಾಕುವವರ ಮೇಲೆ.

ಕಿಣ್ವದ ಪ್ರೋಟೀನು ಎಲ್ಲಿದೆ ಎಂದು ಹುಡುಕಲು ಪ್ರತಿಕಾಯಗಳಿವೆ. ಪ್ರತಿಕಾಯ ಪ್ರೋಟೀನನ್ನು ಗುರುತು ಹಿಡಿದು ಅಂಟಿಕೊಳ್ಳುತ್ತದೆ, ಅಷ್ಟೇ. ಆ ಪ್ರೋಟೀನು ದುಡಿಯುತ್ತಿದೆಯೋ ಸುಮ್ಮನೆ ಬಿದ್ದಿದೆಯೋ ಎಂಬುದು ಅದಕ್ಕೆ ಬೇಕಿಲ್ಲ. ಅಂಗಡಿಗೆ ಬೋರ್ಡು ಇದ್ದ ಮಾತ್ರಕ್ಕೆ ಒಳಗೆ ವ್ಯಾಪಾರ ನಡೆಯುತ್ತಿದೆ ಎಂದು ಹೇಳಲಾಗದಲ್ಲ, ಹಾಗೆ. ಚಟುವಟಿಕೆಯನ್ನು ಹುಡುಕುವಾಗ ಕಿಣ್ವಕ್ಕೆ ಒಂದು ಕೆಲಸ ಕೊಡುತ್ತೇವೆ, ಆ ಕೆಲಸದಿಂದ ಹುಟ್ಟಿದ ವಸ್ತುವನ್ನು ಹುಟ್ಟಿದಲ್ಲೇ ಕರಗದ ಗಸಿಯಾಗಿಸಿ ನಿಲ್ಲಿಸುತ್ತೇವೆ. ಸೂಕ್ಷ್ಮದರ್ಶಕದಲ್ಲಿ ಕಾಣುವುದು ಆ ಗಸಿ.

ಜಾರ್ಜ್ ಗೊಮೊರಿ 1941ರಲ್ಲಿ ಪ್ರಕಟಿಸಿದ ಸೀಸದ ವಿಧಾನವನ್ನೇ ನೋಡಿ. ಈರುಳ್ಳಿ ಬೇರಿನ ತೆಳು ಸೀಳನ್ನು ಪಿಎಚ್ 5ರ ಆಸುಪಾಸಿನ ಬಫರ್‌ನಲ್ಲಿ, ಕಿಣ್ವಕ್ಕೆ ಕೆಲಸವಾಗಿ ಕೊಡುವ ಗ್ಲಿಸರೋಫಾಸ್ಫೇಟ್ ಮತ್ತು ಸೀಸದ ನೈಟ್ರೇಟ್ ಜೊತೆ ಬೆಚ್ಚಗೆ ಇಡುತ್ತಾರೆ. ಬೇರಿನಲ್ಲಿರುವ ಆಸಿಡ್ ಫಾಸ್ಫಟೇಸ್ ಕಿಣ್ವ ಗ್ಲಿಸರೋಫಾಸ್ಫೇಟ್‌ನಿಂದ ಫಾಸ್ಫೇಟನ್ನು ಕತ್ತರಿಸಿ ಬಿಡಿಸುತ್ತದೆ. ಪಕ್ಕದಲ್ಲೇ ಇರುವ ಸೀಸ ಅದನ್ನು ಹಿಡಿದು ತಳವೂರುತ್ತದೆ. ಇಷ್ಟಾದರೂ ಬಣ್ಣ ಬಂದಿರುವುದಿಲ್ಲ. ಸೀಳನ್ನು ತೊಳೆದು, ಕೊಳೆತ ಮೊಟ್ಟೆಯ ವಾಸನೆಯ ಅಮೋನಿಯಂ ಸಲ್ಫೈಡ್‌ಗೆ ಅದ್ದಿದಾಗ ಮಾತ್ರ ಕಂದುಗಪ್ಪು ಮೂಡುತ್ತದೆ. ಆ ಕಪ್ಪು ಸೀಸದ ಸಲ್ಫೈಡ್. ಅದರಲ್ಲಿ ಕಿಣ್ವದ ಒಂದು ಅಣುವೂ ಇರಬೇಕೆಂದಿಲ್ಲ! ಬಿಡುಗಡೆಯಾದ ಫಾಸ್ಫೇಟು ಸೀಸಕ್ಕೆ ಸಿಗುವ ಮೊದಲೇ ಒಂದಿಷ್ಟು ಸರಿದರೆ ಕಪ್ಪು ಕೂಡ ಅಲ್ಲಿಗೇ ಸರಿಯುತ್ತದೆ. ಅದೂ ಸಾಲದೆಂಬಂತೆ ಕೋಶಕೇಂದ್ರ ಸೀಸವನ್ನು ತಾನಾಗಿಯೇ ಹೀರಿಕೊಂಡು ಕಪ್ಪಾಗುತ್ತದೆ. ಕೋಶಕೇಂದ್ರದಲ್ಲಿ ನಿಜಕ್ಕೂ ಫಾಸ್ಫಟೇಸ್ ಇದೆಯೇ ಎಂಬ ವಾದ ಬಹುಕಾಲ ಎಳೆದಾಡಿದ್ದು ಇದೇ ಕಾರಣಕ್ಕೆ.

ಅದಕ್ಕೇ ಹೋಲಿಕೆಗೆಂದು ಇಡುವ ಸೀಳುಗಳು ಬೇಕು. ಒಂದಕ್ಕೆ ಗ್ಲಿಸರೋಫಾಸ್ಫೇಟ್ ಹಾಕಬಾರದು, ಇನ್ನೊಂದನ್ನು ಕುದಿಸಿರಬೇಕು, ಮತ್ತೊಂದಕ್ಕೆ ಕಿಣ್ವವನ್ನು ತಡೆಯುವ ಸೋಡಿಯಂ ಫ್ಲೋರೈಡ್ ಬೆರೆಸಿರಬೇಕು. ಇವುಗಳಲ್ಲೂ ಅದೇ ಜಾಗ ಕಪ್ಪಾದರೆ ಚಿತ್ರವನ್ನು ಕಸದ ಬುಟ್ಟಿಗೆ ಹಾಕಬಹುದು. ಇವುಗಳ ಚಿತ್ರವನ್ನೇ ಕೊಡದ ಲೇಖನವನ್ನು ನಾನು ಮುಂದಕ್ಕೆ ಓದುವುದಿಲ್ಲ.

ಇನ್ನು ಗಸ್, ಅಂದರೆ ಬೀಟಾ-ಗ್ಲುಕುರೊನಿಡೇಸ್ ಎಂಬ ಕಿಣ್ವ. ಗೊಂದಲದ ದೊಡ್ಡ ಪಾಲು ಇದರದ್ದೇ. ಜೆಫರ್ಸನ್ ಮತ್ತು ಸಂಗಡಿಗರು 1987ರಲ್ಲಿ ಗಿಡಗಳಿಗೆ ತಂದ ಈ ಕಿಣ್ವ ಮೂಲತಃ ಇ. ಕೋಲೈ ಬ್ಯಾಕ್ಟೀರಿಯಾದ್ದು. ಗಿಡದ ಯಾವುದೋ ಜೀನಿನ, ಅದು ಯಾವ ಕೋಶದಲ್ಲಿ ಕೆಲಸ ಮಾಡಬೇಕೆಂದು ನಿರ್ಧರಿಸುವ ಪ್ರಮೋಟರ್‌ಗೆ ಇದರ ಜೀನನ್ನು ಜೋಡಿಸಿ, ಗಸ್ ಒಡೆಯಬಲ್ಲ ಕೃತಕ ವಸ್ತುವಾದ ಎಕ್ಸ್‌-ಗ್ಲುಕ್ ಕೊಟ್ಟರೆ ಆ ಪ್ರಮೋಟರ್ ಕೆಲಸ ಮಾಡಿದ ಕೋಶಗಳು ನೀಲಿಯಾಗುತ್ತವೆ. ಗಿಡದ ಸ್ವಂತ ಕಿಣ್ವ ರಸದಾನಿಯಲ್ಲಿದೆಯೋ ಕೋಶಭಿತ್ತಿಯಲ್ಲಿದೆಯೋ ಎಂಬುದನ್ನು ಆ ನೀಲಿ ಹೇಳಲಾರದು. ಸಾಲದ್ದಕ್ಕೆ, ಎಕ್ಸ್‌-ಗ್ಲುಕ್ ಒಡೆದಾಗ ಮೊದಲು ಹುಟ್ಟುವ ವಸ್ತುವಿಗೆ ಬಣ್ಣವಿಲ್ಲ, ಅದು ನೀರಿನಲ್ಲಿ ಕರಗುತ್ತದೆ. ಆಕ್ಸಿಡೀಕರಣಗೊಂಡು ಎರಡೆರಡು ಕೂಡಿಕೊಂಡ ಮೇಲೆಯೇ ನೀಲಿ ಗಸಿ. ಆ ನಡುವಿನ ಹೊತ್ತಿನಲ್ಲಿ ಅದು ಪಕ್ಕದ ಕೋಶಕ್ಕೂ ಸೋರಬಹುದು. ಫೆರಿಸಯನೈಡ್ ಮತ್ತು ಫೆರೊಸಯನೈಡ್ ಬೆರೆಸುವುದು ಈ ಸೋರಿಕೆಯನ್ನು ತಗ್ಗಿಸಲಿಕ್ಕೆ. ಬೇರನ್ನು ರಾತ್ರಿಯಿಡೀ ನೆನೆಸಿಟ್ಟು, ಬೆಳಿಗ್ಗೆ ಎಲ್ಲ ನೀಲಿಯಾಗಿದೆ ಎಂದು ಹಿಗ್ಗುವವರಿಗೆ ಏನು ಹೇಳುವುದೋ ತಿಳಿಯದು.

‘ಸ್ಥಾನ’ದ ಬಗ್ಗೆಯೂ ಒಂದು ಮಾತು. ಬೆಳೆದ ಬೇರುಕೋಶದಲ್ಲಿ ರಸದಾನಿ ಉಬ್ಬಿ ಕೋಶದ್ರವ್ಯವನ್ನೆಲ್ಲ ಭಿತ್ತಿಗೆ ಒತ್ತಿರುತ್ತದೆ. ಸಾಮಾನ್ಯ ಬೆಳಕಿನ ಸೂಕ್ಷ್ಮದರ್ಶಕ ಸುಮಾರು 0.2 ಮೈಕ್ರೋಮೀಟರ್‌ಗಿಂತ ಹತ್ತಿರದ ಎರಡು ಬಿಂದುಗಳನ್ನು ಬಿಡಿಸಿ ತೋರಿಸಲಾರದು. ಹಾಗಾಗಿ ಅಂಚಿನ ಬಣ್ಣ ಭಿತ್ತಿಯದೋ ಪೊರೆಯದೋ ತಿಳಿಯಲು ಎಲೆಕ್ಟ್ರಾನ್ ಸೂಕ್ಷ್ಮದರ್ಶಕವೇ ಬೇಕು. ಅಲ್ಲಿ ಸೀಸದ ಬದಲು ಸೀರಿಯಂ ಬಳಸುವುದುಂಟು, ಗಸಿ ಹೆಚ್ಚು ನಯವಾಗಿ ಕೂರುತ್ತದೆ. ಆದರೆ ಕೋಶದ ರಚನೆ ಕೆಡದಂತೆ ಹಾಕುವ ಗ್ಲುಟರಾಲ್ಡಿಹೈಡ್ ಕಿಣ್ವದ ಕೆಲಸವನ್ನೂ ಕುಂದಿಸುತ್ತದೆ. ಆದ್ದರಿಂದ ಅದನ್ನು ತಣ್ಣಗೆ, ಸ್ವಲ್ಪವೇ ಹೊತ್ತು ಹಾಕುತ್ತಾರೆ. ಗಸಿ ಕಾಣದ ಕೋಶದಲ್ಲಿ ಕಿಣ್ವವೇ ಇಲ್ಲ ಎಂದು ಬರೆಯುವವರನ್ನು, ಗ್ಲುಟರಾಲ್ಡಿಹೈಡ್‌ನಲ್ಲಿ ಎಷ್ಟು ಹೊತ್ತು ಇಟ್ಟಿದ್ದಿರಿ ಎಂದು ಮೊದಲು ಕೇಳಬೇಕು.