ಮೊದಲು ಬಚ್ಚಲ ನೀರು, ಆಮೇಲೆ ಗಿಡ

ಕೈತೋಟ ಮಾಡಬೇಕು ಅಂತ ತಲೆಗೆ ಬಂದ ಕೂಡಲೇ ನರ್ಸರಿಗೆ ಓಡುವವರೇ ಜಾಸ್ತಿ. ಸ್ವಲ್ಪ ತಡೆಯಿರಿ. 1970ರ ದಶಕದಲ್ಲಿ ಆಸ್ಟ್ರೇಲಿಯಾದ ಬಿಲ್ ಮಾಲಿಸನ್ ಮತ್ತು ಡೇವಿಡ್ ಹೋಮ್‌ಗ್ರೆನ್ ರೂಪಿಸಿದ ಪರ್ಮಾಕಲ್ಚರ್, ಅಂದರೆ ಪ್ರಕೃತಿ ನಡೆಯುವ ರೀತಿಯನ್ನೇ ನೋಡಿ ತೋಟ ಕಟ್ಟುವ ಪದ್ಧತಿಯಲ್ಲಿ ಗಿಡದ ಸರದಿ ಬರುವುದು ತಡವಾಗಿ. ಮನೆಯ ಸುತ್ತ ಬಿಸಿಲು ಎಲ್ಲಿ ಬೀಳುತ್ತದೆ, ನೀರು ಎಲ್ಲಿಗೆ ಹರಿದು ಹೋಗುತ್ತದೆ ಅನ್ನುವುದನ್ನು ಮೊದಲು ನೋಡಬೇಕು.

ನಾಲ್ಕು ಜನರ ಮನೆಯಲ್ಲಿ ತಲಾ ಒಂದೂವರೆ ಬಕೆಟ್ ಸ್ನಾನ ಅಂದರೂ ದಿನಕ್ಕೆ ಸುಮಾರು 100 ಲೀಟರ್ ನೀರು ಸುಮ್ನೆ ಮೋರಿ ಸೇರುತ್ತದೆ. ತೋಟ ಇಲ್ಲಿಂದ ಶುರುವಾಗಲಿ. (ನೆಲವೇ ಇಲ್ಲದ ಅಪಾರ್ಟ್‌ಮೆಂಟಿನವರು ಕ್ಷಮಿಸಬೇಕು.)

ಬಚ್ಚಲ ಪೈಪು ತಲುಪುವಲ್ಲಿ ಎರಡು ಮೀಟರ್ ಅಗಲ, ಮುಕ್ಕಾಲು ಮೀಟರ್ ಆಳದ ಗುಂಡಿ ತೆಗೆಯಿರಿ. ಗೋಡೆಯ ಬುಡ, ಬಾವಿಯ ಪಕ್ಕ ಬೇಡ. ತೆಗೆದ ಮಣ್ಣು ಸುತ್ತಲೂ ಏರಿಯಾಗಲಿ. ಗುಂಡಿಗೆ ಕೊಂಬೆ, ತೆಂಗಿನ ಸಿಪ್ಪೆ, ತರಗೆಲೆ ತುಂಬಿ. ಏರಿಯ ಮೇಲೆ ನಾಲ್ಕು ಬಾಳೆ ಕಂದು, ನಡುನಡುವೆ ಕೆಸು. ನೀರು ಹೋಗಿ ಬೀಳುವುದು ಕಸದ ಒಳಗೆ, ಮೇಲೆ ನಿಲ್ಲಬಾರದು. ನಿಂತರೆ ಸೊಳ್ಳೆ.

ಒಳಗೆ ನಡೆಯುವುದು ಬ್ಯಾಕ್ಟೀರಿಯಾಗಳ ಊಟ. ಸೋಪು, ಮೈಯ ಕೊಳೆ ಎರಡರಲ್ಲೂ ಇಂಗಾಲ ಇದೆ. ಕಸದ ಮೇಲೆ ಮನೆ ಮಾಡಿಕೊಂಡ ಸೂಕ್ಷ್ಮಜೀವಿಗಳು ಗಾಳಿ ಆಡುವವರೆಗೆ ಅದನ್ನು ಒಡೆದು ತಿನ್ನುತ್ತವೆ. ಗಾಳಿ ಮುಗಿದರೆ ಬೇರೆ ಜಾತಿಯವು ಮೇಲುಗೈ ಸಾಧಿಸಿ, ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಬಿಡುತ್ತವೆ. ಬಚ್ಚಲ ನೀರನ್ನು ಡ್ರಮ್ಮಿನಲ್ಲಿ ಕೂಡಿಡಬಾರದು ಅನ್ನುವುದು ಇದಕ್ಕೇ. ಉಳಿದ ನೀರನ್ನು ಬಾಳೆ ಹೀರಿ, ಆ ಅಗಲದ ಎಲೆಗಳಿಂದ ಆವಿಯಾಗಿ ಬಿಡುತ್ತದೆ.

ಇದೇನು ಹೊಸದು, ನಮ್ಮ ಹಿತ್ತಲಲ್ಲಿ ಯಾವಾಗಲೂ ಬಚ್ಚಲ ನೀರಿಗೆ ಬಾಳೆ ಇತ್ತಲ್ವಾ ಅನ್ನಬಹುದು. ಇತ್ತು. ಆದರೆ ಆ ಬಚ್ಚಲಿಗೆ ಬರುತ್ತಿದ್ದದ್ದು ಸೀಗೆಪುಡಿ, ಕಡಲೆಹಿಟ್ಟು. ಈಗ ಬರುವುದು ವಾಷಿಂಗ್ ಪೌಡರ್, ಅದರ ತುಂಬ ಸೋಡಿಯಂ. ಜೇಡಿಮಣ್ಣಿನ ಕಣಗಳನ್ನು ಗುಂಪಾಗಿ ಹಿಡಿದಿಡುವುದು ಕ್ಯಾಲ್ಸಿಯಂ. ಸೋಡಿಯಂ ಅದರ ಜಾಗ ಹಿಡಿದರೆ ಕಣಗಳು ಬಿಡಿಬಿಡಿಯಾಗಿ ಮಣ್ಣಿನ ರಂಧ್ರಗಳನ್ನು ಮುಚ್ಚುತ್ತವೆ. ನೀರು ಇಂಗುವುದಿಲ್ಲ, ಒಣಗಿದರೆ ನೆಲ ಗಟ್ಟಿ. ಹಾಗಾಗಿ ವಾಷಿಂಗ್ ಮಷಿನ್ ನೀರು ಮೋರಿಗೇ ಹೋಗಲಿ, ಸ್ನಾನದ್ದು ಮಾತ್ರ ಬಾಳೆಗೆ. ಫಿನಾಯಿಲ್ ಸುರಿದ ದಿನವೂ ಪೈಪನ್ನು ಮೋರಿಗೆ ತಿರುಗಿಸಿ.

ಹಸಿಯಾಗಿ ತಿನ್ನುವ ಕೊತ್ತಂಬರಿ, ಮೂಲಂಗಿಗೆ ಈ ನೀರು ಬೇಡವೇ ಬೇಡ. ಅವು ಅಡುಗೆಮನೆ ಬಾಗಿಲ ಹತ್ತಿರ, ಒಳ್ಳೆಯ ನೀರಿನಲ್ಲಿ ಬೆಳೆಯಲಿ. ಅಲ್ಲಿ ತರಗೆಲೆಯನ್ನು ಮಣ್ಣಿನ ಮೇಲೆ ಹೊದಿಸಿ, ಒಳಗೆ ಕಲಸಬೇಡಿ. ಒಣ ಎಲೆಯಲ್ಲಿ ಇಂಗಾಲ ಜಾಸ್ತಿ, ಸಾರಜನಕ ಕಡಿಮೆ. ಕಲಸಿದರೆ ಅದನ್ನು ಕೊಳೆಯಿಸುವ ಜೀವಿಗಳು ಮಣ್ಣಿನ ಸಾರಜನಕವನ್ನೇ ಎಳೆದುಕೊಳ್ಳುತ್ತವೆ, ಸಸಿ ಹಳದಿಯಾಗುತ್ತದೆ. ಮಲೆನಾಡಿನ ಅಡಿಕೆ ತೋಟಗಳಲ್ಲೂ ಸೊಪ್ಪು, ದರಕು (ಒಣಗಿ ಉದುರಿದ ಎಲೆ) ಮರದ ಬುಡಕ್ಕೆ ಹೊದಿಕೆಯಾಗಿಯೇ ಬೀಳುತ್ತದೆ.

ಗುಂಡಿಯನ್ನು ಬೇಸಿಗೆಯಲ್ಲೇ ತೆಗೆದು ತುಂಬಿಟ್ಟರೆ ಮಳೆ ಹಿಡಿಯುವ ಹೊತ್ತಿಗೆ ಕಸ ಅರ್ಧ ಕುಸಿದಿರುತ್ತದೆ. ಮೇಲೆ ಇನ್ನೊಂದಿಷ್ಟು ತರಗೆಲೆ ಸುರಿದು, ಏರಿಯ ಮೇಲೆ ಕಂದು ನೆಡಿ.